ಬಿಸ್ಕತ್ ಡಬ್ಬದ ಎಡಮೂಲೆ

ನಮ್ಮ ಮನೆಯ ದೇವರಗೂಡಿನ ಕೆಳಗಿನ ಹಲಗೆಯ ಮೇಲೆ ಚೌಕಾಕಾರದ ಒಂದು ತುಕ್ಕಿನ ಗುರುತಿದೆ. ಬಹಳ ವರ್ಷ ಅಲ್ಲಿ ಕೂತಿದ್ದ ಡಬ್ಬವೊಂದು ಎದ್ದು ಹೋದ ಗುರುತು. ಹುಣಿಸೆಹಣ್ಣು ಹಾಕಿ ಉಜ್ಜಿದೆ, ಸೋಪಿನ ಪುಡಿ ಹಾಕಿ ಉಜ್ಜಿದೆ, ಹೋಗಲಿಲ್ಲ. ಈಗ ಉಜ್ಜುವುದನ್ನೇ ಬಿಟ್ಟಿದ್ದೇನೆ. ನಮ್ಮವ್ವ ದಿನಾ ಬೆಳಿಗ್ಗೆ ಸ್ನಾನವಾದ ಮೇಲೆ ಆ ಗುರುತಿನ ಎಡಗಡೆಯ ಕೆಳಮೂಲೆಗೆ ಒಂದು ಚಿಟಿಕೆ ಕುಂಕುಮ ಇಡುತ್ತಾಳೆ. ನಡುವಿಗಲ್ಲ, ಮೇಲಕ್ಕಲ್ಲ, ಆ ಎಡಮೂಲೆಗೇ.

ಮೊನ್ನೆ ಗ್ಯಾಸ್ ಒಲೆ ರಿಪೇರಿಗೆ ಬಂದ ಹುಡುಗ ಅದನ್ನು ನೋಡಿ, "ಇದು ಎನ್ನ ಸಾಮಿ ಅಕ್ಕಾ?" ಎಂದು ನನ್ನನ್ನು ಕೇಳಿದ. ಯಾವ ದೇವರು ಎಂದು ನಾನು ಹೇಳುವ ಮೊದಲೇ ಅವ್ವ ಒಳಗಿನಿಂದ, "ಸಾಮಿ ಅಲ್ಲ ಕಣಪ್ಪಾ, ಅದು ನಮ್ಮೂರು" ಎಂದಳು. ಹುಡುಗ ಒಂದು ಸಲ ತುಕ್ಕನ್ನೂ ಒಂದು ಸಲ ನನ್ನನ್ನೂ ನೋಡಿ, ಬರ್ನರು ಬಿಚ್ಚುವ ಕೆಲಸಕ್ಕೆ ತಿರುಗಿದ. ಅವನಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ. ನಿಮ್ಮ ಒಲೆಯೇನೂ ಕಾಯುತ್ತಿಲ್ಲ ತಾನೇ?

ಡಬ್ಬ ಎಂದರೆ ಬಿಸ್ಕತ್ತಿನ ಡಬ್ಬ. ನಮ್ಮಜ್ಜಿಯ ತಮ್ಮ ಏರ್ಕಾಡಿನ ಕಾಫಿ ತೋಟದಲ್ಲಿ ಕೆಲಸಕ್ಕಿದ್ದ. ಆ ತೋಟದ ದೊರೆಸಾನಿ ಬಂಗಲೆ ಖಾಲಿ ಮಾಡಿ ತನ್ನ ದೇಶಕ್ಕೆ ಹೊರಟಾಗ ಆಳುಗಳಿಗೆಲ್ಲ ಒಂದೊಂದು ಸಾಮಾನು ಕೊಟ್ಟಳಂತೆ. ಯಾರಿಗೋ ಕುರ್ಚಿ, ಯಾರಿಗೋ ಉಣ್ಣೆ ಕಂಬಳಿ, ನಮ್ಮವನಿಗೆ ಈ ಡಬ್ಬ. ಒಳಗಿದ್ದ ಬಿಸ್ಕತ್ತನ್ನು ಯಾರು ತಿಂದರೋ ಚರಿತ್ರೆಯಲ್ಲಿ ದಾಖಲಾಗಿಲ್ಲ. ಖಾಲಿ ಡಬ್ಬವನ್ನು ಅವನು ಟವೆಲಿನಲ್ಲಿ ಸುತ್ತಿಕೊಂಡು ಘಾಟಿ ಇಳಿದು, ಬಸ್ಸು ಬದಲಿಸಿ, ಮೇಟ್ಟೂರಿನ ಹತ್ತಿರದ ನಮ್ಮ ಕೊಳತ್ತೂರಿಗೆ ಬಂದು ಅಕ್ಕನ ಕೈಗೆ ಕೊಟ್ಟ. ಅಜ್ಜಿ ಟವೆಲು ಬಿಚ್ಚಿ ಮುಚ್ಚಳ ನೋಡಿದಳು. ನೋಡಿದವಳು ಅಲ್ಲೇ ಹೊಸಲ ಮೇಲೆ ಕೂತುಬಿಟ್ಟಳು ಎಂದು ಅವ್ವ ಹೇಳುತ್ತಾಳೆ.

ಮುಚ್ಚಳದ ಮೇಲೆ ಒಂದು ಚಿತ್ರ. ಕಣ್ಣು ಹರಿಯುವಷ್ಟೂ ನೀರು. ನೀರಿನ ಹಿಂದೆ ಸಾಲು ಬೆಟ್ಟ, ಹತ್ತಿರದ್ದು ಹಸಿರು, ಅದರ ಹಿಂದಿನದು ನೀಲಿ, ತೀರ ಹಿಂದಿನದು ಆಕಾಶವೋ ಬೆಟ್ಟವೋ ಹೇಳಲಾಗದ ಬಣ್ಣ. ನೀರೊಳಗೆ ಚಾಚಿಕೊಂಡ ಒಂದು ನೆಲದ ತುದಿಯಲ್ಲಿ ಹಳೆಯ ಕಲ್ಲುಕೋಟೆ. ಅದಕ್ಕೆ ಸೂರಿಲ್ಲ, ಒಂದು ಗೋಡೆ ಕುಸಿದಿದೆ, ಕಿಟಕಿಯಿದ್ದ ಕಡೆ ಆಕಾಶ ಕಾಣುತ್ತದೆ. ಅದರ ನೆರಳು ನೀರಿನಲ್ಲಿ ಒಂದಿಷ್ಟೂ ಅಲುಗದೆ ನಿಂತಿದೆ. ಇನ್ನು ಎಡಗಡೆಯ ಕೆಳಮೂಲೆಯಲ್ಲಿ, ದಡದ ಹುಲ್ಲಿನ ಮೇಲೆ, ಬೂದುಬಣ್ಣದ ಸಣ್ಣ ಸಣ್ಣ ಚುಕ್ಕೆಗಳು.

"ನಮ್ಮೂರು" ಎಂದಳಂತೆ ಅಜ್ಜಿ.

ನಗಬೇಡಿ. ಮೇಟ್ಟೂರು ಅಣೆಕಟ್ಟಿನ ಹಿನ್ನೀರಿನ ದಡದಲ್ಲಿ ನಿಂತು ನೋಡಿದವರಾದರೆ ನೀವು ನಗುವುದಿಲ್ಲ. ನಮ್ಮಲ್ಲೂ ಕಣ್ಣು ಹರಿಯುವಷ್ಟು ನೀರು, ಹಿಂದೆ ಪಾಲಮಲೆಯ ಸಾಲು. ಬೇಸಿಗೆಯಲ್ಲಿ ನೀರು ಇಳಿದರೆ ಮುಳುಗಿದ ಗುಡಿಯ ಗೋಪುರ ಮೇಲೇಳುತ್ತದೆ, ಆಮೇಲೆ ಕಲ್ಲಿನ ಬಸವ. ಸೂರಿಲ್ಲದ ಗೋಡೆ, ಆಕಾಶ ಕಾಣುವ ಕಿಟಕಿ, ನೀರಿನಲ್ಲಿ ಅಲುಗದ ನೆರಳು ಎಲ್ಲ ನಮ್ಮಲ್ಲೂ ಇದೆ. ಅಣೆಕಟ್ಟು ಕಟ್ಟಿದಾಗ ಮುಳುಗಿದ ಹಳ್ಳಿಗಳಲ್ಲಿ ಅಜ್ಜಿಯ ಹಳ್ಳಿ ಒಂದು. ಹೆಸರು ಹೊಂಗೆಹಳ್ಳಿ, ನಮ್ಮವರ ಬಾಯಲ್ಲಿ ಒಂಗಳ್ಳಿ. ಆಗ ಅವಳು ಕುರಿಮರಿ ಕಾಯುವ ಹುಡುಗಿ. ನೀರು ಬರುತ್ತದೆ ಎಂದು ಎಬ್ಬಿಸಿದಾಗ ದೊಡ್ಡವರು ಬಾಗಿಲು, ತೊಲೆ, ಒರಳು ಹೊತ್ತುಕೊಂಡು ಮೇಲಕ್ಕೆ ನಡೆದರು, ಅವಳು ಮರಿ ಹೊಡೆದುಕೊಂಡು ನಡೆದಳು. ಮರಿಗಳು ಮತ್ತೆ ಮತ್ತೆ ಹಿಂದಕ್ಕೆ ಓಡುತ್ತಿದ್ದವಂತೆ.

ಅವಳು ಕಂಡ ಆ ಊರನ್ನು ನಮ್ಮವ್ವ ಕಂಡಿಲ್ಲ, ನಾನು ಕಂಡಿಲ್ಲ, ನನ್ನ ಮಗಳು ಕಂಡಿಲ್ಲ. ಆದರೂ ನಮ್ಮ ಮನೆಯಲ್ಲಿ ಹುಟ್ಟಿದವರೆಲ್ಲರ ಊರು ಅದೇ. ಯಾಕೆಂದು ಸ್ವಲ್ಪ ಹೊತ್ತಿನಲ್ಲಿ ಹೇಳುತ್ತೇನೆ.

ನೀರು ತೀರ ಇಳಿದ ವರ್ಷಗಳಲ್ಲಿ ಅಜ್ಜಿ ನಮ್ಮನ್ನು ಕರೆದುಕೊಂಡು ಹಿನ್ನೀರಿನ ತಳಕ್ಕೆ ಇಳಿಯುತ್ತಿದ್ದಳು. ಮೊದಲ ಸಲ ಹೋದಾಗ ನಾನು ಲಂಗ ಹಾಕುವ ವಯಸ್ಸಿನವಳು. ದಡದಲ್ಲಿ ಹರಿಗೋಲುಗಳು ಬೋರಲು ಬಿದ್ದಿದ್ದವು. ಒಣಗಿದ ಕೆಸರು ಬಿರಿದು ಹೆಂಚು ಹೆಂಚಾಗಿ ನಿಂತಿತ್ತು, ಕಾಲಿಟ್ಟರೆ ಚುರುಚುರು ಎನ್ನುತ್ತಿತ್ತು. ನಡೆದೂ ನಡೆದೂ ಬಸವನ ಎದುರಿಗೆ ಬಂದೆವು. ಅಬ್ಬಾ, ಅದೆಂಥ ಬಸವ! ಕೊರಳ ಗೆಜ್ಜೆಯ ಮೇಲೆ ಒಣಗಿದ ಪಾಚಿ, ಕಿವಿಯೊಳಗೆ ಚಿಪ್ಪು, ಮುಖದಲ್ಲಿ ಇಷ್ಟು ದಿನ ನೀರೊಳಗಿದ್ದೆ ಎಂಬ ಯಾವ ದೂರೂ ಇಲ್ಲ. ನಾನು ತಲೆಯೆತ್ತಿ ಆಕಾಶ ನೋಡಿದೆ. ಹೊಳೆ ತುಂಬಿ ಬರುವ ಆಡಿ ತಿಂಗಳಲ್ಲಿ ನಾನು ನಿಂತ ಈ ಜಾಗದ ನೇರಕ್ಕೆ, ನನ್ನ ತಲೆಗಿಂತ ಎಷ್ಟೋ ಮೇಲೆ, ಮೀನುಗಾರರ ಹರಿಗೋಲು ತೇಲುತ್ತಿರುತ್ತದೆ ಎಂದು ಹೊಳೆದು ಮೈ ಜುಮ್ಮೆಂದಿತು. ಉಸಿರು ಬಿಗಿಹಿಡಿದುಕೊಂಡೆ. ಅವ್ವ ಬೆನ್ನಿಗೆ ಒಂದು ಹಾಕಿದ ಮೇಲೆ ಉಸಿರಾಡಿದೆ.

ಬಸವನನ್ನು ದಾಟಿ ಇನ್ನೂ ಮುಂದೆ ಹೋದರೆ ಅಜ್ಜಿಯ ಊರು. ಊರೆಂದರೆ ಸಾಲಾಗಿ ಹೂತ ಅಡಿಪಾಯದ ಕಲ್ಲುಗಳು, ಅಷ್ಟೇ. ಅಜ್ಜಿ ಅವುಗಳ ನಡುವೆ ಮನೆಯೊಳಗೆ ಓಡಾಡುವ ಹಾಗೆಯೇ ಓಡಾಡಿದಳು. ಒಂದು ಕಡೆ ತಲೆ ಬಗ್ಗಿಸಿ ನಡೆದಳು. "ಯಾಕಜ್ಜಿ ಬಗ್ತೀಯ?" ಎಂದೆ. "ಬಾಗ್ಲು ಗಿಡ್ಡ ಕಣವ್ವ, ತಲೆ ಒಡೀತೈತೆ" ಎಂದಳು. ಅಲ್ಲಿ ಬಾಗಿಲೂ ಇರಲಿಲ್ಲ, ಗೋಡೆಯೂ ಇರಲಿಲ್ಲ. ಆಮೇಲೆ ನಾನೂ ಬಗ್ಗಿಯೇ ಒಳಗೆ ಹೋದೆ.

ವಾಪಸು ಬರುವಾಗ ಅಜ್ಜಿ ಹೊಸಲಿದ್ದ ಜಾಗದಿಂದ ಒಂದು ಹಿಡಿ ಮಣ್ಣು ಅಗೆದು ಸೆರಗಿನಲ್ಲಿ ಕಟ್ಟಿಕೊಂಡಳು. ಆ ಮಣ್ಣು ಇರುತ್ತಿದ್ದದ್ದು ಈ ಬಿಸ್ಕತ್ ಡಬ್ಬದಲ್ಲಿ. ನಮ್ಮ ಮನೆಯಲ್ಲಿ ಮಗು ಹುಟ್ಟಿದರೆ ಆ ಮಣ್ಣನ್ನು ಕಲಸಿ ಪಾದಕ್ಕೆ ಒಂದು ಬೊಟ್ಟು ಇಡಬೇಕು. ಇಡುವವರೆಗೆ ಮಗುವಿನ ಹೆಸರನ್ನು ಯಾರೂ ಕೂಗುವಂತಿಲ್ಲ. ಇಡುವಾಗ ಮನೆಯ ಹಿರಿಯಳು ಮಗುವನ್ನು ಕೇಳುತ್ತಾಳೆ, ಮಗುವಿನ ಪರವಾಗಿ ಹೆತ್ತವಳು ಉತ್ತರ ಹೇಳುತ್ತಾಳೆ.

"ಯಾವೂರವ್ವಾ ನಿಂದು?"

"ಒಂಗಳ್ಳಿ."

"ಎಲ್ಲೈತೆ ಆ ಊರು?"

"ನೀರೊಳ್ಗೈತೆ."

"ನೀರಿಳಿದ್ರೆ?"

"ನಾನ್ ಬತ್ತೀನಿ."

"ಅಂಗಾರೆ ಬಾ" ಎಂದು ಹಿರಿಯಳು ಆಗ ಮೊದಲ ಸಲ ಹೆಸರು ಹಿಡಿದು ಕೂಗುತ್ತಾಳೆ. ನನ್ನನ್ನು ಹಾಗೆ ಕೂಗಿದ್ದು ಅಜ್ಜಿ. ನನ್ನ ಮಗಳು ಸುಧಾಳನ್ನು ಕೂಗಿದ್ದು ಅವ್ವ.

ನೀರು ಇಳಿಯದ ವರ್ಷಗಳೇ ಹೆಚ್ಚು. ಆಗ ಚಿತ್ರಾಪೌರ್ಣಮಿಯ ದಿನ ಅಜ್ಜಿ ಡಬ್ಬವನ್ನೇ ಮಣೆಯ ಮೇಲಿಟ್ಟು ಪೊಂಗಲ್ ಎಡೆ ಮಾಡುತ್ತಿದ್ದಳು. ಸ್ಕಾಟ್ಲೆಂಡಿನ ಕೋಟೆಗೆ ಕೊಳತ್ತೂರಿನಲ್ಲಿ ಕರ್ಪೂರ! ಅದು ಸ್ಕಾಟ್ಲೆಂಡು ಎಂದು ಆಗ ನಮಗೇನು ಗೊತ್ತು. ಡಬ್ಬದ ತಳದಲ್ಲಿದ್ದ ಇಂಗ್ಲಿಷ್ ಅಕ್ಷರವನ್ನು ತುಕ್ಕು ತಿಂದಿತ್ತು. ಆದರೆ ಒಂದು ವಿಷಯ ಮಾತ್ರ ನನಗೆ ಆಗಲೇ ಕಿರಿಕಿರಿ. ಅಜ್ಜಿ ಕುಂಕುಮವನ್ನು ಆ ಭವ್ಯವಾದ ಕೋಟೆಗೆ ಇಡದೆ ಎಡಮೂಲೆಯ ಬೂದು ಚುಕ್ಕೆಗಳ ಮೇಲೆ ಇಡುತ್ತಿದ್ದಳು.

"ಅಜ್ಜಿ, ಕಣ್ ಕಾಣಕ್ಕಿಲ್ವಾ? ಕೋಟೆ ಈ ಕಡೆ ಐತೆ."

"ಕೋಟೆ ದೊರೆದು. ನಮ್ಮನೆ ಇಲ್ಲೈತೆ ನೋಡು."

"ಅವು ಕುರಿ ಅಜ್ಜಿ!"

"ಕುರಿಗೆ ಕಾಲ್ ಬ್ಯಾಡ್ವೇನೇ? ಎಲ್ಲವೆ ಕಾಲು, ತೋರ್ಸು."

ಕಾಲು ಇರಲಿಲ್ಲ. ಆದರೂ ಕುರಿಯೆಂದೇ ನಾನು ಹಟ ಹಿಡಿದೆ. ದೊಡ್ಡವಳಾಗಿ ಸರಕಾರಿ ಹೈಸ್ಕೂಲಿನಲ್ಲಿ ಸೈನ್ಸ್ ಟೀಚರ್ ಆದ ಮೇಲಂತೂ ಅವು ಹುಲ್ಲಿನಲ್ಲಿ ಕಾಲು ಮುಚ್ಚಿಹೋದ ಕುರಿಗಳು ಎಂದು ಕಾರಣ ಸಮೇತ ತೀರ್ಮಾನ ಮಾಡಿದೆ. ಕಾರಣ ಹುಡುಕುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವಳಲ್ಲ.

ಅಂದಹಾಗೆ, ತಮಿಳುನಾಡಿನಲ್ಲಿ ತಮಿಳು ಓದಿ ತಮಿಳು ಕಲಿಸಿದವಳು ಹೀಗೆ ಕನ್ನಡದಲ್ಲಿ ಬರೆಯುತ್ತಿರುವುದು ಹೇಗೆ ಎಂದು ನಿಮಗೆ ಅನಿಸಿರಬಹುದು. ಮಾತು ಮನೆಯದು, ಅಕ್ಷರ ಕೊಳ್ಳೇಗಾಲದ ಸೋದರಮಾವನ ಮನೆಯದು. ಬೇಸಿಗೆ ರಜಕ್ಕೆ ಹೋದಾಗಲೆಲ್ಲ ಮಾವ ಸ್ಲೇಟು ಕೊಟ್ಟು ಕೂರಿಸುತ್ತಿದ್ದ. ತಿದ್ದಿದರೆ ಮಾವಿನಹಣ್ಣು ಸಿಗುತ್ತಿತ್ತು. ಈಗಲೂ ಒತ್ತಕ್ಷರ ಬರೆಯುವಾಗ ನನಗೆ ಮಾವಿನಹಣ್ಣಿನ ವಾಸನೆ ಬರುತ್ತದೆ.

ಸುಧಾ ನರ್ಸಿಂಗ್ ಓದಿದಳು. ಚೆನ್ನೈಯಲ್ಲಿ ಕೆಲಸ ಮಾಡಿದಳು. ಆಮೇಲೆ ಪರೀಕ್ಷೆ ಬರೆದು ಸ್ಕಾಟ್ಲೆಂಡಿನ ಒಂದು ಊರಿನ ಆಸ್ಪತ್ರೆಗೆ ಸೇರಿದಳು. ಗಂಡ ಪ್ರಭು ಓಮಲೂರಿನ ಕಡೆಯವನು, ತಮಿಳು ಮನೆಯ ಹುಡುಗ, ಅಲ್ಲೇ ಆಂಬುಲೆನ್ಸ್ ಓಡಿಸುತ್ತಾನೆ. ಹೋದ ವರ್ಷ ಸುಧಾ ಬಸುರಿಯಾದಳು. ದಿನ ತುಂಬಲು ಇನ್ನೂ ತಿಂಗಳುಗಳಿರುವಾಗಲೇ, ಮೊದಲೇ ಹೋಗಿ ಜೊತೆಗಿರೋಣವೆಂದು, ಬಾಣಂತನಕ್ಕೆ ನಾನು ಹೊರಟೆ.

ಆ ದಿನಗಳ ಪ್ಯಾಕಿಂಗಿನ ಬಗ್ಗೆ ಬೇರೆಯೇ ಒಂದು ಪುರಾಣ ಬರೆಯಬಹುದು. ರಾಗಿ ಹಿಟ್ಟು, ಬಜೆ, ಜಾಯಿಕಾಯಿ, ಮಗುವಿಗೆ ಹಳೆ ಸೀರೆಯ ಬಟ್ಟೆ, ಬಾಣಂತಿಗೆ ಶುಂಠಿ ಮೆಣಸಿನ ಲೇಹ್ಯ. ಹೆಣ್ಣುಮಗುವಾದರೆ ಯಾಳಿನಿ ಎಂದು ಹೆಸರಿಡುವುದಾಗಿ ಗಂಡಹೆಂಡತಿ ಮೊದಲೇ ಹೇಳಿದ್ದರು. ಚಂದದ ತಮಿಳು ಹೆಸರು. ಅವ್ವನ ನಾಲಿಗೆ ಅದರ ನಡುವೆ ಎಡವುತ್ತಿತ್ತು. ಹೊರಡುವ ದಿನ ಅವ್ವ ಬಿಸ್ಕತ್ ಡಬ್ಬ ತಂದು ಪೆಟ್ಟಿಗೆಯ ಮೇಲಿಟ್ಟಳು. "ಇದ್ನ ಮೊದ್ಲು ಇಡು" ಎಂದಳು. ಒಳಗೆ ಮಣ್ಣಿನ ಹೆಂಟೆ.

ಬೇರೆ ದೇಶಕ್ಕೆ ಮಣ್ಣು ಒಯ್ಯುವಂತಿಲ್ಲ ಎಂದು ನಾನು ಓದಿಕೊಂಡಿದ್ದೆ. ಓದಿದ್ದನ್ನು ಪಾಲಿಸುವ ಜಾತಿ ನಮ್ಮದು, ಟೀಚರುಗಳದ್ದು. ಕೊಯಮತ್ತೂರಿನ ವಿಮಾನ ನಿಲ್ದಾಣದಲ್ಲಿ ಸಮವಸ್ತ್ರದವನೊಬ್ಬ ಮಣ್ಣಿನ ಹೆಂಟೆಯನ್ನು ಎತ್ತಿ ಹಿಡಿದು ಇದೇನು ಎಂದು ಕೇಳುವುದೂ, ನಾನು ಇದು ನಮ್ಮೂರು ಎನ್ನುವುದೂ ಕಣ್ಣಿಗೆ ಕಟ್ಟಿತು. ಅವ್ವ ಅಡುಗೆಮನೆಗೆ ಹೋದ ಹೊತ್ತು ನೋಡಿ ಹೆಂಟೆಯನ್ನು ಬಟ್ಟೆಯಲ್ಲಿ ಸುತ್ತಿ ಅಲಮಾರಿನಲ್ಲಿಟ್ಟೆ. ಚಿತ್ರ ನೋಡಿದರೆ ಸುಧಾಗೆ ಖುಷಿಯಾದೀತು ಎಂದು ಡಬ್ಬದಲ್ಲಿ ಲೇಹ್ಯ ತುಂಬಿದೆ.

ನಾನು ವಿಮಾನದಲ್ಲಿ ಕೂತು ಮೋಡ ನೋಡುತ್ತಿರುವಾಗಲೇ ಮಗು ಹುಟ್ಟಿಬಿಟ್ಟಿತು. ಬಹಳ ಮೊದಲೇ ಹುಟ್ಟಿತು. ಪ್ರಭು ನನ್ನನ್ನು ವಿಮಾನ ನಿಲ್ದಾಣದಿಂದ ನೇರ ಆಸ್ಪತ್ರೆಗೆ ಕರೆದುಕೊಂಡು ಹೋದ. ಗಾಜಿನ ಪೆಟ್ಟಿಗೆಯೊಳಗೆ ಹೆಣ್ಣುಮಗು. ನನ್ನ ಅಂಗೈಗಿಂತ ಸ್ವಲ್ಪ ದೊಡ್ಡದು, ಮೈತುಂಬ ಕೊಳವೆ. ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ಸುಧಾಳ ಹೆಸರು ಬರೆದು ಅವಳ ಮಗು ಎಂದಿತ್ತು, ಅಷ್ಟೇ. ನಾನು ಜೀವಮಾನವೆಲ್ಲ ಮಕ್ಕಳಿಗೆ ಹೃದಯದ ಚಿತ್ರ ಬರೆದು ಭಾಗ ಗುರುತಿಸುವುದನ್ನು ಕಲಿಸಿದವಳು. ಆ ಎದೆ ಏಳುವುದನ್ನೂ ಇಳಿಯುವುದನ್ನೂ ನೋಡುತ್ತ ನನಗೆ ಒಂದು ಭಾಗದ ಹೆಸರೂ ನೆನಪಾಗಲಿಲ್ಲ.

ಸುಧಾ ಗಾಲಿಕುರ್ಚಿಯಲ್ಲಿ ಕೂತಿದ್ದಳು. ನನ್ನನ್ನು ನೋಡಿ ಅವಳು ಕೇಳಿದ ಮೊದಲ ಮಾತು, "ಅಮ್ಮಾ, ಮಣ್ಣು ಎಲ್ಲಿ?"

ಡಬ್ಬ ಕೊಟ್ಟೆ. ಅವಳು ಮುಚ್ಚಳ ತೆಗೆದಳು. ಶುಂಠಿ ಲೇಹ್ಯದ ವಾಸನೆ ಆ ಶುಭ್ರವಾದ ಕೋಣೆಯ ತುಂಬ ಹರಡಿತು. ಸುಧಾ ಮುಚ್ಚಳ ಹಾಕಿ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. ನರ್ಸ್ ಆಗಿ ಎಷ್ಟೋ ಜನರ ಅಳು ನೋಡಿದವಳು ಅವಳು, ಯಾವತ್ತೂ ಇಂಥದ್ದನ್ನೆಲ್ಲ ನಗುತ್ತ ತಳ್ಳಿಹಾಕುತ್ತಿದ್ದವಳು. ಅವತ್ತು ಮಾತ್ರ, "ಮಣ್ಣಿಡ್ದೆ ಪಾಪ್ಪಾ ಪೇರ್ ಯಾರೂ ಕೂಗ್ಬೇಡಿ. ಪ್ಲೀಸ್. ಯಾರೂ ಕೂಗ್ಬೇಡಿ" ಎಂದಳು. ಪ್ರಭು ತಲೆಯಾಡಿಸಿದ. ಡಾಕ್ಟರು ದಿನದಿನವೂ ನೋಡೋಣ ಎನ್ನುವುದನ್ನು ಬಿಟ್ಟು ಬೇರೇನೂ ಹೇಳುತ್ತಿರಲಿಲ್ಲ. ಹೆಸರಿಲ್ಲದೆಯೇ ಮಗು ಹೋಗಿಬಿಟ್ಟರೆ ಎಂಬ ಮಾತು ನಮ್ಮ ಮೂವರ ಮನಸ್ಸಿನಲ್ಲೂ ಇತ್ತು, ಯಾರ ಬಾಯಲ್ಲೂ ಬರಲಿಲ್ಲ.

ಫೋನಿನಲ್ಲಿ ಅವ್ವ ಬೈದದ್ದನ್ನು ಇಲ್ಲಿ ಪೂರ್ತಿ ಬರೆಯಲಾರೆ. "ಊರ್ ಬಿಟ್ಟು ಬರೀ ಡಬ್ಬ ಒತ್ಕಂಡ್ ಓಗಿದ್ದೀಯಲ್ಲ ನೀನು, ಪಾಠ ಏಳ್ಕೊಡೋಳು" ಎಂಬುದು ಅದರಲ್ಲಿ ಮೃದುವಾದದ್ದು. ಆಮೇಲೆ ದಿನಾ ಫೋನ್ ಮಾಡಿ, "ಅದು ಎಂಗೈತೆ?" ಎಂದು ಕೇಳುವಳು. ಅದು ಹಾಲು ಕುಡೀತಾ, ಅದು ಕಣ್ಣು ಬಿಡ್ತಾ. ಹೆಸರು ಮಾತ್ರ ಎತ್ತಲಿಲ್ಲ. ನಾವು ಕೂಡ ಅದು, ಇದು ಎಂದೇ ದಿನ ದೂಡಿದೆವು.

ಒಂದು ಸಂಜೆ ಪ್ರಭು ಅಡುಗೆಮನೆಯಲ್ಲಿ ಟೀ ಕಾಯಿಸುತ್ತ, ಸುಮ್ಮನಿರಲಾಗದೆ, ಡಬ್ಬದ ಮುಚ್ಚಳದ ಫೋಟೋ ಹೊಡೆದು ಫೋನಿನಲ್ಲಿ ಹುಡುಕಿದ. ಫೋನು ಕ್ಷಣದಲ್ಲಿ ಆ ಜಾಗದ ಹೆಸರು ಹೇಳಿಬಿಟ್ಟಿತು. ಆ ಹೆಸರನ್ನು ನನ್ನ ನಾಲಿಗೆ ಇವತ್ತಿಗೂ ಒಪ್ಪಿಕೊಂಡಿಲ್ಲ, ಗಂಟಲಲ್ಲಿ ಏನೋ ಸಿಕ್ಕಿಕೊಂಡಾಗ ಬರುವಂಥ ಸದ್ದು ಅದು. "ಅತ್ತೆ, ಇದು ಇಂಗೆದಾನ್ ಇರುಕ್ಕು!" ಎಂದ. ಇಲ್ಲೇ ಇದೆ. ಕಾರಿನಲ್ಲಿ ಒಂದು ಬೆಳಗಿನ ದಾರಿ.

ನಾನು ಅವ್ವನಿಗೆ ಫೋನ್ ಮಾಡಿದೆ. ಇಷ್ಟು ವರ್ಷ ಅಜ್ಜಿ ಪೊಂಗಲ್ ಇಟ್ಟ ಜಾಗ ನಿಜವಾಗಿಯೂ ಇದೆ, ಅದು ನಮ್ಮೂರಲ್ಲ, ಇಲ್ಲಿನದು ಎಂದೆ. 

"ನಮ್ಮವ್ವ ಅಷ್ಟ್ ವರ್ಸ ಎಡೆ ಇಟ್ಟವ್ಳೆ. ಆ ಜಾಗಕ್ಕೆ ನಾವು ಗೊತ್ತಿರ್ತೀವಿ" ಎಂದಳು ಅವ್ವ. "ಓಗು. ಓಗಿ ಅಲ್ಲಿ ಮಣ್ಣು ತಕ್ಕಂಬಾ. ಆದ್ರೆ ಕೋಟೆ ಮಣ್ಣು ಬ್ಯಾಡ. ನಮ್ಮವ್ವ ಕುಂಕುಮ ಇಟ್ಟ ಕಡೇದು ತಕ್ಕಂಬಾ."

ಹೊರಟೆವು. ಆ ದಾರಿಯನ್ನು ಹೇಗೆ ಹೇಳಲಿ? ಬೆಟ್ಟಗಳು ಮರವಿಲ್ಲದೆ ಬರೀ ಹುಲ್ಲು ಹೊದ್ದು ಮಲಗಿದ್ದವು. ಮೋಡದ ನೆರಳು ಅವುಗಳ ಮೇಲೆ ನಿಧಾನವಾಗಿ ನಡೆದು ಹೋಗುತ್ತಿತ್ತು. ಎಲ್ಲೆಲ್ಲೂ ಕುರಿ. ನಮ್ಮವು ಕೆಂಪು ಕಪ್ಪು ಬಣ್ಣದ, ಮೂಳೆ ಎಣಿಸಬಹುದಾದ ಕುರಿಗಳು. ಇವು ಉಣ್ಣೆಯ ಮೂಟೆಗಳು, ಬೆನ್ನ ಮೇಲೆ ನೀಲಿ ಬಣ್ಣದ ಗುರುತು. ಕುರಿ ಮನೆತನದಲ್ಲಿ ಹುಟ್ಟಿದವಳಿಗೆ ಕೈ ಸುಮ್ಮನಿರುತ್ತದೆಯೇ? ಕಾರು ನಿಲ್ಲಿಸಿ ಒಂದರ ಕಿವಿ ಹಿಡಿದು ಹಲ್ಲು ನೋಡಬೇಕೆನಿಸಿತು. ಪ್ರಭು ಒಪ್ಪಲಿಲ್ಲ.

ಒಂದು ತಿರುವು ದಾಟಿದೆವು. ಪ್ರಭು ಕಾರು ನಿಲ್ಲಿಸಿದ. ನಾನು ಇಳಿದೆ. ಇಳಿದವಳು ಬಾಗಿಲು ಹಿಡಿದುಕೊಂಡು ಹಾಗೆಯೇ ನಿಂತೆ.

ಮುಚ್ಚಳ ತೆರೆದು ಅದರೊಳಗೆ ಕಾಲಿಟ್ಟಂತಾಯಿತು. ಅದೇ ನೀರು. ಹಸಿರು ಬೆಟ್ಟ, ನೀಲಿ ಬೆಟ್ಟ, ಆಕಾಶವೋ ಬೆಟ್ಟವೋ ತಿಳಿಯದ ಆ ಮೂರನೆಯದು. ಸೂರಿಲ್ಲದ ಕೋಟೆ, ಕುಸಿದ ಗೋಡೆ, ಕಿಟಕಿಯಲ್ಲಿ ಆಕಾಶ. ಗಾಳಿ ಬಿದ್ದಿತ್ತು. ನೆರಳು ನೀರಿನಲ್ಲಿ ಒಂದಿಷ್ಟೂ ಅಲುಗದೆ ನಿಂತಿತ್ತು. ಹುಟ್ಟಿದಾಗಿನಿಂದ ದಿನಾ ಬೆಳಿಗ್ಗೆ ನೋಡಿದ್ದನ್ನು ಕಣ್ಣೆದುರು ಕಂಡಾಗ ಎದೆ ಎಷ್ಟು ಹೊಡೆದುಕೊಳ್ಳುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಬಸವನೆದುರು ಲಂಗದ ಹುಡುಗಿಯಾಗಿ ನಿಂತಾಗ ಆದದ್ದೇ ಆಯಿತು. ಉಸಿರು ಬಿಗಿಹಿಡಿದುಕೊಂಡೆ. ಬೆನ್ನಿಗೆ ಹಾಕಲು ಅವ್ವ ಇರಲಿಲ್ಲ. ಕೈಗಳು ತಾವಾಗಿ ಜೋಡಿಕೊಂಡವು.

ಆಮೇಲೆ ಎಡಗಡೆ ತಿರುಗಿದೆ. ದಡದ ಹುಲ್ಲಿನಲ್ಲಿ ಬೂದುಬಣ್ಣದ ಚುಕ್ಕೆಗಳು ಇದ್ದವು. ಹತ್ತಿರ ನಡೆದೆವು. ಪ್ರಭು ಮುಂದೆ ಓಡಿದವನು ನಿಂತು ಕೂಗಿದ, "ಅತ್ತೆ, ಇದು ಆಡು ಇಲ್ಲೈ, ಕುರಿಯೂ ಇಲ್ಲೈ. ವೀಡು! ಎಲ್ಲಾಮೇ ವೀಡು!"

ಕುರಿಯಲ್ಲ, ಮನೆಗಳು. ಮೊಣಕಾಲೆತ್ತರದ, ಕೆಲವು ಸೊಂಟದೆತ್ತರದ ಕಲ್ಲುಗೋಡೆಗಳು, ಸೂರಿಲ್ಲ, ಒಳಗೆಲ್ಲ ಹುಲ್ಲು. ಬಾಗಿಲಿದ್ದ ಜಾಗದಲ್ಲಿ ಸವೆದ ಹೊಸಲುಗಲ್ಲು. ಒಂದು ಇಡೀ ಹಳ್ಳಿ.

ನಾಯಿಯನ್ನು ಅಡ್ಡಾಡಿಸುತ್ತಿದ್ದ ಒಬ್ಬ ಮುದುಕಿ ನಮ್ಮನ್ನು ನೋಡಿ ಬಂದಳು. ಅವಳ ಇಂಗ್ಲಿಷು ನನಗೆ ಅರ್ಧ ತಿಳಿಯಿತು, ಉಳಿದರ್ಧವನ್ನು ಪ್ರಭು ತಮಿಳಿಗೆ ತಿರುಗಿಸಿದ. ಕೋಟೆ ಈ ಕಣಿವೆಯ ದೊರೆಗಳದ್ದು. ಅದು ಯುದ್ಧದಲ್ಲಿ ಸುಟ್ಟು ಪಾಳುಬಿದ್ದ ಬಹಳ ಕಾಲದ ಮೇಲೂ ನೆಲ ಆ ವಂಶದವರ ಕೈಯಲ್ಲೇ ಇತ್ತು. ಇಲ್ಲಿ ಜನ ತಲೆತಲಾಂತರದಿಂದ ಬೇಸಾಯ ಮಾಡಿಕೊಂಡಿದ್ದರು. ಒಂದು ಕಾಲಕ್ಕೆ ದೊರೆಗೆ ಜನಕ್ಕಿಂತ ಕುರಿ ಲಾಭ ಎಂದು ಕಂಡಿತು. ಜನರನ್ನು ಎಬ್ಬಿಸಿದರು. ಮತ್ತೆ ಬರಬಾರದೆಂದು ಸೂರಿಗೆ ಬೆಂಕಿ ಹಾಕಿದರು. ಎಷ್ಟೋ ಜನ ಹಡಗು ಹತ್ತಿ ಸಮುದ್ರದಾಚೆ ಹೋದರು. ಈ ಸೀಮೆಯಲ್ಲಿ ಇಂಥ ಹಳ್ಳಿಗಳು ಎಷ್ಟೋ ಇವೆಯಂತೆ. ನೋಡಲು ಬಂದವರೆಲ್ಲ ಕೋಟೆಯ ಮುಂದೆ ನಿಂತು ಫೋಟೋ ಹೊಡೆದುಕೊಂಡು ಹೋಗುತ್ತಾರೆ, ಈ ಕಡೆ ಬರುವವರು ಕಡಿಮೆ ಎಂದಳು ಮುದುಕಿ.

ಕುರಿಗಾಗಿ ಜನರನ್ನು ಎಬ್ಬಿಸಿದರು! ನಮ್ಮನ್ನು ಎಬ್ಬಿಸಿದ್ದು ನೀರಿಗಾಗಿ. ಕುರಿ ಸಾಕುವವರ ಮೊಮ್ಮಗಳು ನಾನು, ಅಲ್ಲಿ ಮೇಯುತ್ತಿದ್ದ ಕುರಿಗಳ ಮುಖ ನೋಡಲು ನಾಚಿಕೆಯಾಯಿತು. ನೀವು ಇಲ್ಲಿಗೆ ಯಾಕೆ ಬಂದಿರಿ ಎಂದು ಮುದುಕಿ ಕೇಳಿದಳು. ನಾನು ಬ್ಯಾಗಿನಿಂದ ಡಬ್ಬ ತೆಗೆದು ತೋರಿಸಿದೆ. ಎಡಮೂಲೆಯಲ್ಲಿ ಅಷ್ಟು ವರ್ಷದ ಕುಂಕುಮ ಕೂತು ಬಣ್ಣ ಹಿಡಿದಿತ್ತು. ನನ್ನಜ್ಜಿ ಇದನ್ನು ತನ್ನ ಮನೆ ಎನ್ನುತ್ತಿದ್ದಳು ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ. ಮುದುಕಿ ಆ ಕೆಂಪನ್ನು ಬೆರಳಿನಿಂದ ಮುಟ್ಟಿದಳು. ಒಂದು ಮನೆಯ ಹೊಸಲಿನ ಹತ್ತಿರ ನಮ್ಮನ್ನು ಕರೆದುಕೊಂಡು ಹೋಗಿ, ಇದು ನನ್ನ ಹಿರಿಯರದ್ದಿರಬಹುದು ಎಂದು ನಮ್ಮ ಮನೆಯಲ್ಲಿ ಹೇಳುತ್ತಿದ್ದರು, ಖಚಿತವಿಲ್ಲ ಎಂದಳು.

ನಾನು ಮಣ್ಣು ಕೇಳಿದೆ. ತಗೋ ಎಂದಳು. ಅವಳೂ ನನ್ನ ಜೊತೆ ಬಗ್ಗಿದಳು. ಒಳಗೆ ಕಾಲಿಡುವಾಗ ನಾನು ತಲೆ ತಗ್ಗಿಸಿದೆ. ಅಲ್ಲಿಯೂ ಬಾಗಿಲಿರಲಿಲ್ಲ.

ಮರುದಿನ ಆಸ್ಪತ್ರೆಯಲ್ಲಿ ಇನ್ನೊಂದು ಕಷ್ಟ ಎದುರಾಯಿತು. ಅಷ್ಟು ಎಳೆಯ ಮಗುವಿನ ಪಾದಕ್ಕೆ ಮಣ್ಣು ಮುಟ್ಟಿಸುವ ಮಾತೇ ಇಲ್ಲ. ಸುಧಾ ತಾನೇ ನರ್ಸ್, ಅವಳಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಅವಳು ಅಲ್ಲಿನ ದೊಡ್ಡ ನರ್ಸಿಗೆ ಎಲ್ಲ ಹೇಳಿದಳು. ಆಕೆ ಸ್ವಲ್ಪ ಯೋಚಿಸಿ, ಮಣ್ಣನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ, ಮೇಲೆಲ್ಲ ಔಷಧಿ ಹಾಕಿ ಒರೆಸಿ, ಗಾಜಿನ ಪೆಟ್ಟಿಗೆಯ ಹೊರಗಡೆ ಮಗುವಿನ ಪಾದದ ನೇರಕ್ಕೆ ಟೇಪಿನಿಂದ ಅಂಟಿಸಿದಳು. ಸರಿಯಾಗಿ ಪಾದಕ್ಕೆ ಎದುರಾಗಿದೆಯೇ ಎಂದು ತಾನೇ ಬಗ್ಗಿ ನೋಡಿ, ಚೂರು ಕೆಳಗಿಳಿಸಿದಳು.

ಪ್ರಭು ಫೋನ್ ಹಿಡಿದ. ಪರದೆಯ ಮೇಲೆ ಅವ್ವ. ತಲೆಗೆ ಎಣ್ಣೆ ಹಚ್ಚಿ, ಹೂ ಮುಡಿದು, ಮದುವೆಗೆ ಉಡುವ ಸೀರೆ ಉಟ್ಟು ಕೂತಿದ್ದಳು. ಅವಳ ಹಿಂದೆ ಹಲಗೆಯ ಮೇಲೆ ಈ ತುಕ್ಕಿನ ಗುರುತು ಕಾಣುತ್ತಿತ್ತು. ನನಗೆ ಹೆದರಿಕೆ. ಸುಧಾ ಮಾತಾಡುವುದು ಹೆಚ್ಚಾಗಿ ತಮಿಳು, ಕನ್ನಡ ಅವ್ವನ ಜೊತೆಗೆ ನಾಲ್ಕು ಮಾತು. ಉತ್ತರಗಳನ್ನು ನಾನು ಹೇಳಿಕೊಟ್ಟಿರಲೂ ಇಲ್ಲ. ಪಕ್ಕದಲ್ಲಿ ನಿಂತು ಪಿಸುಗುಡಲು ಸಿದ್ಧಳಾದೆ.

"ಯಾವೂರವ್ವಾ ನಿಂದು?" ಎಂದಳು ಅವ್ವ.

"ಒಂಗಳ್ಳಿ" ಎಂದಳು ಸುಧಾ.

"ಎಲ್ಲೈತೆ ಆ ಊರು?"

"ನೀರೊಳ್ಗೈತೆ."

"ನೀರಿಳಿದ್ರೆ?"

ಸುಧಾ ಗಾಜಿನ ಮೇಲೆ ಅಂಗೈ ಇಟ್ಟಳು. ಮಗುವಿನ ಎದೆ ಏಳುತ್ತಿತ್ತು, ಇಳಿಯುತ್ತಿತ್ತು. ಎಷ್ಟೋ ಮಕ್ಕಳ ಪರವಾಗಿ ಎಷ್ಟೋ ತಾಯಂದಿರು ನಮ್ಮ ಮನೆಯಲ್ಲಿ ಹೇಳಿದ ಮಾತು ಅದು. ಸುಧಾಳಿಗಾಗಿ ಹೇಳುವಾಗ ಅದರಲ್ಲಿ ಏನಿದೆ ಎಂದು ನಾನು ಯೋಚಿಸಿರಲಿಲ್ಲ. ಸುಧಾಳ ದನಿ ಒಡೆಯಿತು, ಆದರೆ ಮಾತು ನಿಲ್ಲಲಿಲ್ಲ.

"ನಾನ್ ಬತ್ತೀನಿ" ಎಂದಳು. ಮತ್ತೊಮ್ಮೆ, ಜೋರಾಗಿ, "ನಾನ್ ಬತ್ತೀನಿ" ಎಂದಳು.

"ಅಂಗಾರೆ ಬಾ, ಯಾಳಿನಿ" ಎಂದಳು ಅವ್ವ.

ಮಗು ಹುಟ್ಟಿದ ಮೇಲೆ ಒಂದು ಸಲವೂ ಬಾಯಿಗೆ ತಾರದ ಹೆಸರು, ಎಲ್ಲಿಯೂ ಎಡವದೆ ಬಂತು. ಒಳಗೊಳಗೇ ಎಷ್ಟು ಸಲ ಹೇಳಿಕೊಂಡಿದ್ದಳೋ. ನಾವೆಲ್ಲ ಅಳುತ್ತಿದ್ದೆವು, ದೊಡ್ಡ ನರ್ಸೂ ಮೂಗು ಒರೆಸಿಕೊಂಡಳು. ಆಮೇಲೆ ಚೀಟಿಯ ಮೇಲೆ ಹೇಗೆ ಬರೆಯಬೇಕೆಂದು ಕೇಳಿ, ಒಂದೊಂದೇ ಅಕ್ಷರ ಬರೆದಳು.

ಮಣ್ಣು ಏನೋ ಪವಾಡ ಮಾಡಿತು ಎಂದು ನಾನು ಹೇಳುವುದಿಲ್ಲ. ಸೈನ್ಸ್ ಟೀಚರ್ ಮಾತು ಬೇರೆ ಇರಲಿ, ಆ ಡಾಕ್ಟರುಗಳೂ ನರ್ಸುಗಳೂ ಹಗಲಿರುಳು ಪಟ್ಟ ಪಾಡಿಗೆ ಅದು ಅವಮಾನ. ಆದರೆ ಅವತ್ತಿನಿಂದ ನಾವು ಮಗುವನ್ನು ಹೆಸರು ಹಿಡಿದು ಕೂಗಿದೆವು. ಕೂಗಿದಾಗ ಅದು ಒಮ್ಮೊಮ್ಮೆ ಕಾಲು ಆಡಿಸುತ್ತಿತ್ತು. ವಾರಗಳ ಮೇಲೆ ಒಂದು ದಿನ ಗಾಜಿನ ಪೆಟ್ಟಿಗೆಯಿಂದ ಹೊರಗೆ ಬಂತು, ಆಮೇಲೆ ಮನೆಗೂ ಬಂತು. ಬಾಣಂತನ ಮುಗಿಸಿ ನಾನು ಹೊರಟಾಗ ಡಬ್ಬವನ್ನು ಅಲ್ಲೇ ಬಿಟ್ಟೆ. ಅದರೊಳಗೆ ಆ ಹೊಸಲಿನ ಮಣ್ಣಿದೆ. ಒಂಗಳ್ಳಿಯ ಹೆಂಟೆ ಇಲ್ಲಿ ಸ್ಟೀಲ್ ಡಬ್ಬದಲ್ಲಿದೆ. ಸ್ಟೀಲ್ ಡಬ್ಬದ ಮೇಲೆ ಚಿತ್ರವಿಲ್ಲದ ಕಾರಣ ಅವ್ವ ತುಕ್ಕಿನ ಗುರುತಿಗೇ ಕುಂಕುಮ ಇಡುತ್ತಾಳೆ.

ಈ ಸಲ ಮಳೆ ಕಡಿಮೆ. ಹಿನ್ನೀರು ದಿನದಿನಕ್ಕೂ ಹಿಂದೆ ಸರಿಯುತ್ತಿದೆ. ಕಾಲು ನೋವೆಂದು ಬೀದಿ ಕೊನೆಗೂ ಹೋಗದ ಅವ್ವ ಇವತ್ತು ಬೆಳಿಗ್ಗೆ ನನಗೆ ಹೇಳದೆ ಬಸ್ಸು ಹತ್ತಿ ದಡಕ್ಕೆ ಹೋಗಿ ಬಂದಿದ್ದಾಳೆ. ಚಪ್ಪಲಿಗೆಲ್ಲ ಕೆಸರು. ನಾನು ರೇಗಲು ಬಾಯಿ ತೆರೆದೆ.

"ಬಸವಣ್ಣನ್ ಕೊಂಬು ಕಾಣ್ತಾ ಐತೆ" ಎಂದಳು. "ಸುಧಾಗೆ ಪೋನ್ ಮಾಡು. ಟಿಕೆಟ್ ಮಾಡ್ಸು ಅಂತ ಏಳು. ನೀರಿಳೀತಾ ಐತೆ, ಮಾತ್ ಕೊಟ್ಟೈತೆ ಆ ಮಗು."